ಒಂಬತ್ತಿಂಚಿನ ಗೋಡೆ

ನನ್ನ ಕೋಪ ಅಪ್ಪನ ಕಡೆಯಿಂದ ಬಂದದ್ದು ಎಂದು ಅಮ್ಮ ಹೇಳುತ್ತಿದ್ದಳು. ಇರಬಹುದು. ಆದರೆ ಕೋಪದ ಕೈಗೆ ಒಂದು ಕೋಲೂ ಬೇಕು ಎಂದು ನನಗೆ ಕಲಿಸಿದವನು ಅಮೆರಿಕದ ಒಬ್ಬ ಆರ್ಕಿಟೆಕ್ಟ್. ಅವನನ್ನು ನಾನು ಕಂಡವನಲ್ಲ. ನಾನು ಹುಟ್ಟುವ ಮೊದಲೇ ಅವನು ಸತ್ತಿದ್ದ. ಅವನ ಕೋಲನ್ನು ಮಾತ್ರ ಮಸ್ಕತ್ತಿನ ರೂವಿಯಲ್ಲಿ ನಾನು ನಕ್ಷೆ ಬರೆಯುತ್ತಿದ್ದ ಆಫೀಸಿನಲ್ಲಿ ನಾಲ್ಕು ವರ್ಷ ದಿನಾ ನೋಡಿದೆ. ಆಮೇಲೆ ಒಂದು ಗುರುವಾರ ಕೈಯಲ್ಲಿ ಹಿಡಿದೆ.

ಮೂರಡಿ ಉದ್ದದ ಕೋಲು. ಎಣ್ಣೆ ಕುಡಿದು ಕುಡಿದು ಕಪ್ಪಾದ ಮರ, ತುದಿಗೆ ನಿಂಬೆಹಣ್ಣಿನಷ್ಟು ಹಿತ್ತಾಳೆಯ ಗುಬುಟು, ಮೈಮೇಲೆ ಇಂಚಿಗೊಂದು ಗೀರು. ಅಳೆಯಲಿಕ್ಕೂ ಆಯಿತು, ಬಡಿಯಲಿಕ್ಕೂ ಆಯಿತು. ಅದು ನಮ್ಮ ಚೀಫ್ ಕುರ್ಚಿಯ ಹಿಂದೆ, ಏಸಿಯ ನೀರು ತೊಟ್ಟಿಕ್ಕದ ಮೂಲೆಯಲ್ಲಿ ನಿಂತಿರುತ್ತಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಚೀಫ್ ಎಂದರೆ ಆಫೀಸಿನ ಹಿರಿಯ ಆರ್ಕಿಟೆಕ್ಟ್, ಮೈಸೂರಿನವರು, ಅರವತ್ತು ದಾಟಿದವರು. ಹುಡುಗಾಟದ ವಯಸ್ಸಿನಲ್ಲೇ ಓದಲಿಕ್ಕೆಂದು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಆ ಆರ್ಕಿಟೆಕ್ಟನ ಕೊನೆಯ ಎರಡು ವರ್ಷ ಅವನ ಕೈಕೆಳಗೆ ದುಡಿದವರು. ಗುರುವಾರ ನಮಗೆ ಅರ್ಧ ದಿನ. ಕೆಲಸ ಮುಗಿದ ಮೇಲೆ ಹಾಲಿಲ್ಲದ ಸುಲೈಮಾನಿ ಚಹಾ ಹೀರುತ್ತಾ ಅವರು ಅವನ ಕಥೆ ತೆಗೆಯುತ್ತಿದ್ದರು. ಬೇರೆಯವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ನಾನೊಬ್ಬ ಬಾಯಿ ತೆರೆದುಕೊಂಡು ಕೂರುತ್ತಿದ್ದೆ.

ಇಟ್ಟಿಗೆ ಗೂಡಿನವನ ಮಗನಂತೆ ಅವನು. ಕಾಲೇಜು ಕಂಡವನಲ್ಲ. ದೊಡ್ಡ ಸರೋವರದ ದಂಡೆಯ ಶಹರದಲ್ಲಿ ಐದು ವರ್ಷ ಇನ್ನೊಬ್ಬರು ಬರೆದ ಅಲಂಕಾರದ ಎಲೆಬಳ್ಳಿಗಳನ್ನು ಟ್ರೇಸ್ ಮಾಡಿ, ಒಂದು ದಿನ ಪೆನ್ಸಿಲ್ ಮುರಿದು ಮೇಜಿನ ಮೇಲಿಟ್ಟು ಹೊರಬಿದ್ದು, ಗೋಧಿ ಬೆಳೆಯುವ ಬಯಲಿನ ಒಂದು ಸಣ್ಣ ಊರಿಗೆ ಹೋಗಿ ಸ್ವಂತ ಬೋರ್ಡು ಹಾಕಿದನಂತೆ. ಮೊದಲು ಒಬ್ಬ ಗೋಧಿ ಸಾಹುಕಾರನ ಮನೆ, ತಗ್ಗು ಸೂರು, ಉದ್ದುದ್ದ ಕಿಟಕಿ. ಅದನ್ನು ನೋಡಿ ಊರಿನ ಬ್ಯಾಂಕು. ಅದನ್ನು ನೋಡಿ ಪಕ್ಕದೂರಿನ ಬ್ಯಾಂಕು, ಶಾಲೆ, ಕೋರ್ಟು. ನಲವತ್ತಾಗುವ ಹೊತ್ತಿಗೆ ಕೈಕೆಳಗೆ ಮೂವತ್ತು ಜನ. ಆಮೇಲೆ ಲೈಬ್ರರಿ. ಚೀಫ್ ಲೈಬ್ರರಿಗೆ ಬಂದಾಗ ಎದ್ದು ನಿಲ್ಲುತ್ತಿದ್ದರು.

"ಓದೋ ಹಾಲಿನ ಸೀಲಿಂಗು ಕಣಯ್ಯಾ. ಸುತ್ತ ಗಾರೆಯ ಪಟ್ಟಿ. ಮೂರು ದಿನದ ಕೆಲಸ. ಈತ ಸಾರ್ವೆ ಹತ್ತಿದ, ನೋಡಿದ, ಈ ಕೋಲು ಎತ್ತಿದ." ಇಷ್ಟು ಹೇಳಿ ಚೀಫ್ ಕೋಲನ್ನು ಗಾಳಿಯಲ್ಲಿ ಬೀಸುತ್ತಿದ್ದರು. "ಒಂದೇ ಸಮ ಬಡಿದ. ಗಾರೆಯವನು ಬೇಡ ಬೇಡ ಅಂತಿದ್ದ, ಅವನ ತಲೆ ಮೇಲೇ ಬೀಳೋ ಹಾಗೆ ಬಡಿದ. ಆಮೇಲೆ ಹೊಸದಾಗಿ ಮಾಡಿಸಿದ. ಈಗಲೂ ನಿಂತಿದೆ ಆ ಸೀಲಿಂಗು. ಒಡೆಯೋಕೆ ಬಾರದವನಿಗೆ ಕಟ್ಟೋಕೂ ಬರಲ್ಲ."

ಈ ಕೊನೆಯ ಮಾತನ್ನು ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ದಡ್ಡ ಮುಂಡೇದು ನಾನು.

ಆ ನಂತರದ್ದನ್ನು ಅವರು ಒಂದೇ ಉಸಿರಿಗೆ ಮುಗಿಸುತ್ತಿದ್ದರು. ಗೋಧಿಯ ಬೆಲೆ ಬಿತ್ತು, ಬ್ಯಾಂಕುಗಳು ಮುಚ್ಚಿದವು, ಕೆಲಸ ನಿಂತಿತು. ಚೀಫ್ ಸೇರಿಕೊಂಡಾಗ ಅವನು ಬಿತ್ತನೆ ಬೀಜದ ಅಂಗಡಿಯ ಮಹಡಿಯಲ್ಲಿ ಒಂದೇ ಕೋಣೆಯಲ್ಲಿದ್ದು ಯಾರದೋ ಕೋಳಿಗೂಡಿನ ನಕ್ಷೆ ಬರೆಯುತ್ತಿದ್ದನಂತೆ. ಸಾಯುವಾಗ ಕೋಲನ್ನು ಈ ಮೈಸೂರಿನವರ ಕೈಗಿಟ್ಟನಂತೆ.

ಕೋಲು ಮಸ್ಕತ್ತಿನಲ್ಲೂ ಸುಮ್ಮನೆ ಕೂತಿರಲಿಲ್ಲ. ಗುರುವಾರ ಬೆಳಿಗ್ಗೆ ಚೀಫ್ ಅದನ್ನು ಹಿಡಿದು ಸೈಟುಗಳಿಗೆ ಹೋಗುತ್ತಿದ್ದರು. ತೂಕದ ಗುಂಡು ಇಳಿಬಿಟ್ಟಾಗ ಗೋಡೆ ಒಂದು ನೂಲು ವಾಲಿದ್ದರೂ ಸಾಕು, ಹಿತ್ತಾಳೆಯ ಗುಬುಟು ಹಸಿ ಗೋಡೆಯ ಮೇಲೆ ಬೀಳುತ್ತಿತ್ತು. ನಾಲ್ಕು ವರಸೆ ಬ್ಲಾಕು ದಬದಬ ಉರುಳುತ್ತಿದ್ದವು. ಕಟ್ಟಿದವರು ಬಿಸಿಲಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದರು. ನಾನು ಅವರ ಪಕ್ಕದಲ್ಲಿ ನಕ್ಷೆಯ ಸುರುಳಿ ಹಿಡಿದು ಎದೆ ಉಬ್ಬಿಸಿ ನಿಲ್ಲುತ್ತಿದ್ದೆ. ಆ ಸದ್ದು ನನಗೆ ಇಷ್ಟವಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಬಹಳ ಇಷ್ಟವಾಗುತ್ತಿತ್ತು.

ಮನೆಗೂ ಆ ಸದ್ದನ್ನು ತಂದೆ. ಹಮ್ರಿಯಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ಒಮ್ಮೆ ಮಗಳ ಜಾಮಿಟ್ರಿ ಬಾಕ್ಸನ್ನು ಕಾಲಡಿ ಹಾಕಿ ತುಳಿದೆ, ಅವಳು ಎಳೆದ ಗೆರೆ ಸೊಟ್ಟಗಿತ್ತು ಎಂದು. ಅವಳಿಗೆ ಆಗ ಏಳು ವರ್ಷ. ಹೆಂಡತಿ ಪುಡಿ ಗುಡಿಸುತ್ತಾ, "ಆ ಕೋಲು ಆಫೀಸಲ್ಲೇ ಇರ್ಲಿ ಕಣ್ರೀ, ಮನೆಗೆ ತರಬೇಡಿ," ಅಂದಳು. ಕೋಲು ಆಫೀಸಿನಲ್ಲೇ ಇತ್ತಲ್ಲ, ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

ಎಂಬತ್ತರ ದಶಕದ ನಡುವೆ ಎಣ್ಣೆಯ ಬೆಲೆ ಬಿತ್ತು. ಅಲ್ಲಿ ಗೋಧಿ, ಇಲ್ಲಿ ಎಣ್ಣೆ. ರೂವಿಯಲ್ಲಿ ಅರ್ಧ ಎದ್ದ ಕಟ್ಟಡಗಳ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಹಾಗೇ ನಿಂತವು. ನಮ್ಮಲ್ಲಿ ಹದಿನಾಲ್ಕು ಡ್ರಾಯಿಂಗ್ ಮೇಜುಗಳಿದ್ದವು. ಗುರುವಾರ ಮಧ್ಯಾಹ್ನ ಮ್ಯಾನೇಜರ್ ಯಾರಾದರೊಬ್ಬರನ್ನು ಒಳಗೆ ಕರೆಯುತ್ತಿದ್ದ. ಆ ಮನುಷ್ಯ ವಿಮಾನದ ಟಿಕೆಟ್ಟಿದ್ದ ಬಿಳಿ ಕವರ್ ಹಿಡಿದು ಹೊರಬರುತ್ತಿದ್ದ. ವೀಸಾ ಖಲಾಸ್. ಶನಿವಾರ ಬಂದರೆ ಅವನ ಮೇಜಿನ ಮೇಲೆ ಬಟ್ಟೆ ಹೊದಿಸಿರುತ್ತಿತ್ತು. ಹೆದರಿದ ಜನ ಒಳ್ಳೆಯವರಾಗಿ ಉಳಿಯುವುದಿಲ್ಲ. ಹತ್ತು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದ ಇಬ್ಬರು, ಗೆರೆ ಎಳೆಯುವ ಒಂದು ಟಿ-ಸ್ಕ್ವೇರ್ ಯಾರದೆಂಬ ಮಾತಿಗೆ ಕೈ ಮಿಲಾಯಿಸಿದರು. ಒಬ್ಬನ ಹುಬ್ಬು ಸೀಳಿತು. ಹಾಸಿದ್ದ ಟ್ರೇಸಿಂಗ್ ಶೀಟಿನ ಮೇಲೆ ರಕ್ತ ತೊಟ್ಟಿಕ್ಕಿತು. ಆ ಶೀಟನ್ನು ನಾನು ಮತ್ತೆ ಬರೆಯಬೇಕಾಯಿತಲ್ಲ ಎಂದು ನನಗೆ ಸಿಟ್ಟು ಬಂತೇ ಹೊರತು ಅವನ ಹುಬ್ಬಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಕೊನೆಗೆ ಉಳಿದದ್ದು ಒಂದೇ ಕೆಲಸ. ಅಲ್ ಖೌದ್‌ನಲ್ಲಿ, ಹೊಸ ಯೂನಿವರ್ಸಿಟಿಯ ಹತ್ತಿರ, ಕೆಳಗೆ ಅಂಗಡಿ ಮೇಲೆ ಮನೆಗಳಿರುವ ಒಂದು ಉದ್ದನೆಯ ಕಟ್ಟಡ. ಅದುವರೆಗೆ ಗೋಡೆಗಳ ಅಳತೆ ಹಾಕುತ್ತಿದ್ದವನು ಕೇರಳದ ಸಹೋದ್ಯೋಗಿ. ನಾನು ಬಾಗಿಲು, ಕಿಟಕಿ, ಮೆಟ್ಟಿಲಿನ ವಿವರ ಬರೆಯುವವನು. ಅವನಿಗೆ ಬಿಳಿ ಕವರ್ ಸಿಕ್ಕಿದ್ದರಿಂದ ಇಡೀ ನಕ್ಷೆ ನನ್ನ ಕೈಗೆ ಬಂತು. ಇದೊಂದು ತಪ್ಪಿಲ್ಲದೆ ಮುಗಿದರೆ ನಿನ್ನ ವೀಸಾ ಉಳಿಯುತ್ತದೆ, ತಪ್ಪಾದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಚೀಫ್ ಹೇಳಿದರು. ಹನ್ನೊಂದು ದಿನದಲ್ಲಿ ಬರೆದು ಮುಗಿಸಿದೆ. ಚೀಫ್ ನೋಡಿ ಸಹಿ ಹಾಕಿದರು.

ಆ ಸೈಟಿನ ಮೇಸ್ತ್ರಿಯನ್ನು ನಾನು ಮೊದಲೇ ಬಲ್ಲೆ. ಮೂಲ್ಕಿ ಕಡೆಯವರು, ತುಳು ಮಾತಾಡುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಕಂತ್ರಾಟುದಾರನ ಕಂಪನಿಯ ಕೆಲಸ ಅವರದು. ಹಮ್ರಿಯಾದಲ್ಲಿ ನಮ್ಮ ಮನೆಯಿಂದ ಮೂರನೆಯ ಗಲ್ಲಿಯಲ್ಲಿ ಊರಿನವರ ಜೊತೆ ಒಂದು ರೂಮಿನಲ್ಲಿದ್ದರು. ಮತ್ರಾದ ಒಂದು ಹಳೇ ಗುಜರಾತಿ ಮನೆಯಿಂದ ನನ್ನ ಹೆಂಡತಿ ತುಳಸಿ ಸಸಿ ತಂದಾಗ, ಒಂದು ಶುಕ್ರವಾರ ಅವರೇ ಬಂದು ಬಾಲ್ಕನಿಯಲ್ಲಿ ನಾಲ್ಕು ಸಿಮೆಂಟ್ ಬ್ಲಾಕು ಜೋಡಿಸಿ ಕಟ್ಟೆ ಕಟ್ಟಿಕೊಟ್ಟಿದ್ದರು. ಗಾರೆ ನುಣುಪು ಮಾಡಿ, ಮುಂದೆ ದೀಪಕ್ಕೆ ಒಂದು ಗೂಡು ಬಿಟ್ಟು, "ಅಕ್ಕ, ಮೂರು ದಿನ ನೀರು ತೋರಿಸಿ, ಆಮೇಲೆ ಆನೆ ಬಂದ್ರೂ ಅಲ್ಲಾಡ್ಲಿಕ್ಕಿಲ್ಲ," ಅಂದಿದ್ದರು. ಕಾಫಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆಮೇಲೆ ನನ್ನ ಹೆಂಡತಿ ಹಬ್ಬಕ್ಕೆ ಏನು ಮಾಡಿದರೂ ಅವರ ರೂಮಿಗೆ ಒಂದು ಡಬ್ಬಿ ಹೋಗುತ್ತಿತ್ತು.

ಗೋಡೆ ಎದ್ದ ವಾರ ಚೀಫ್‌ಗೆ ಬಿಪಿ ಏರಿ ತಲೆ ಸುತ್ತು. ಗುರುವಾರ ಬೆಳಿಗ್ಗೆ ಅವರು ಕುರ್ಚಿಯಿಂದ ಏಳದೆ, ಹಿಂದಕ್ಕೆ ಕೈ ಚಾಚಿ ಕೋಲು ತೆಗೆದು ನನ್ನ ಕಡೆ ಹಿಡಿದರು. "ಹೋಗಿ ನೋಡ್ಕೊಂಡ್ ಬಾರಯ್ಯಾ," ಅಂದರು. ಅಲ್ ಖೌದ್‌ವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ.

ಸಾಲಾಗಿ ಎಂಟು ಕೋಣೆ, ಅವುಗಳಿಗೆ ಒಂಬತ್ತು ಅಡ್ಡಗೋಡೆ. ಮೇಸ್ತ್ರಿ ಪಶ್ಚಿಮದ ತುದಿಯಿಂದ ಶುರುಮಾಡಿ ಪೂರ್ವದ ತುದಿಗೆ ಮುಗಿಸಿದ್ದರು. ಎದೆಯೆತ್ತರಕ್ಕೆ ಬಂದಿದ್ದವು. ಕೊನೆಯ ಗೋಡೆ ತುದಿಯ ಬೀಮಿನ ನೇರ ಕೆಳಗೆ ಬರಬೇಕಿತ್ತು. ಅದು ಬೀಮನ್ನು ಬಿಟ್ಟು ಒಳಗಡೆ, ಒಂದು ಗೇಣಿಗಿಂತ ಹೆಚ್ಚು ಈಚೆ ನಿಂತಿತ್ತು.

"ಏನಿದು?" ಅಂದೆ.

"ಅದೇ ಹೇಳುವ ಅಂತ ಇದ್ದೆ ಸರ್," ಅಂದರು ಮೇಸ್ತ್ರಿ. "ಕೋಣೆ ಎಲ್ಲ ನೀವು ಬರೆದ ಹಾಗೆಯೇ ಉಂಟು. ಒಂದು ನೂಲು ಆಚೀಚೆ ಇಲ್ಲ. ಕಡೆಗೆ ಮಾತ್ರ ಹೀಗೆ ಆಗ್ತದೆ. ಒಮ್ಮೆ ನೀವೂ ನಾನೂ ಕೂತು ಅಳೆಯುವ. ನಕ್ಷೆ ಹಿಡ್ಕೊಂಡು ಒಮ್ಮೆ ನೋಡುವ."

ಸುತ್ತ ಹತ್ತು ಹನ್ನೆರಡು ಕೂಲಿಯವರು ನಿಂತಿದ್ದರು, ಪಂಜಾಬಿಗಳು, ಬಂಗಾಳಿಗಳು. ಕನ್ನಡ ಬಾರದಿದ್ದರೂ ಏನೋ ನಡೆಯುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು. ಇವರ ಮುಂದೆ ಮೇಸ್ತ್ರಿ ನನ್ನ ನಕ್ಷೆಯನ್ನು ಅಳೆಯುತ್ತಾರಂತೆ! ನನ್ನ ಕಿವಿ ಬಿಸಿಯಾಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದೆ. "ಪಕ್ಕಕ್ಕೆ ಬನ್ನಿ."

"ಬೇಡ ಮಾರಾಯ್ರೆ. ಮೊದಲು ಅಳೆಯುವ. ಒಡೆಯುವುದು ಮತ್ತೆ ಇದ್ದದ್ದೇ ಅಲ್ವಾ?" ಎನ್ನುತ್ತಾ ಅವರು ಬಲಗೈಯನ್ನು ಗೋಡೆಯ ಮೇಲಿನ ವರಸೆಯ ಮೇಲೆ ಇಟ್ಟರು. ಹಟಕ್ಕೆ ಇಟ್ಟದ್ದಲ್ಲ. ಮಗುವಿನ ನೆತ್ತಿಯ ಮೇಲೆ ಇಟ್ಟ ಹಾಗೆ ಇಟ್ಟರು.

ಆಮೇಲೆ ಎಲ್ಲರಿಗೂ ಹೇಳಿದ್ದು, ಗೋಡೆಗೆಂದು ಬೀಸಿದ ಕೋಲು ತಪ್ಪಿ ಕೈಗೆ ಬಿತ್ತು ಎಂದು. ಇಲ್ಲಿ ನಿಜ ಬರೆಯುತ್ತೇನೆ. ಕೈ ನನಗೆ ಕಂಡಿತ್ತು. ಉಗುರಿನಲ್ಲಿ ಸಿಮೆಂಟ್ ಒಣಗಿದ್ದೂ ಕಂಡಿತ್ತು. ಕಂಡೇ ಹೊಡೆದೆ.

"ಅಪ್ಪೇ!" ಎಂದು ತುಳುವಿನಲ್ಲಿ ತಾಯಿಯನ್ನು ಕರೆದ ಒಂದೇ ಕೂಗು. ತೋರುಬೆರಳು, ನಡುಬೆರಳು ಎರಡೂ ತಿರುಗಿ ನಿಂತವು. ಬಿಳಿ ಬ್ಲಾಕಿನ ಮೇಲೆ ರಕ್ತ ಹರಿದು, ಬಿಸಿಲಿಗೆ ಅಲ್ಲೇ ಹೀರಿಹೋಯಿತು. ನಾನು ಅಲ್ಲಿಗೂ ನಿಲ್ಲಲಿಲ್ಲ. ಕೋಲಿನ ಗುಬುಟಿನಿಂದ ಗೋಡೆಯನ್ನು ತಳ್ಳಿ ತಳ್ಳಿ ಬೀಳಿಸಿದೆ. ಆಮೇಲೆ ಕೂಲಿಯವರ ಕಡೆ ತಿರುಗಿ, "ಯಲ್ಲಾ, ಸಬ್ ತೋಡೋ," ನಡೀರಿ, ಎಲ್ಲ ಒಡೀರಿ ಎಂದು ಕಿರುಚಿದೆ. ಅವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಸುತ್ತಿಗೆಗಳು ಎದ್ದವು. ಒಂದೊಂದಾಗಿ ಒಂಬತ್ತೂ ಗೋಡೆ ಉರುಳಿದವು. ಬ್ಲಾಕುಗಳು ಸಿಡಿದು ಪುಡಿ ಎದ್ದು, ಆಚೆ ಗುಡ್ಡ ಕಾಣದಂತಾಯಿತು. ಅಷ್ಟು ಹೊತ್ತೂ ನನಗೆ ಸಂತೋಷವಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯ.

ಆಸ್ಪತ್ರೆಯಲ್ಲಿ ಮೇಸ್ತ್ರಿ, ಬ್ಲಾಕು ಬಿತ್ತು ಎಂದು ಬರೆಸಿದರು. ಹೊಡೆದರು ಎಂದಿದ್ದರೆ ನಾನು ಪೊಲೀಸ್ ಠಾಣೆಯಲ್ಲಿರುತ್ತಿದ್ದೆ.

ಶನಿವಾರ ಬೆಳಿಗ್ಗೆ ಸೈಟ್ ವರದಿ ಬರೆಯಲೆಂದು ನಕ್ಷೆ ಹಾಸಿದೆ. ಅಡ್ಡಗೋಡೆಯ ದಪ್ಪ: ೨೩೦. ಮುಂದಿನದೂ ೨೩೦. ಒಂಬತ್ತಕ್ಕೂ ೨೩೦ ಮಿಲಿಮೀಟರ್.

ನಾನು ಕೆಲಸ ಕಲಿತ ಮೈಸೂರಿನಲ್ಲಿ ಗೋಡೆ ಎಂದರೆ ಇಟ್ಟಿಗೆ, ಇಟ್ಟಿಗೆ ಎಂದರೆ ಒಂಬತ್ತಿಂಚು. ಮೊದಲ ಪಾಠದಿಂದಲೂ ಕೈ ಕಲಿತದ್ದು ಅದನ್ನೇ. ಒಂಬತ್ತಿಂಚನ್ನು ಮಿಲಿಮೀಟರಿನಲ್ಲಿ ಬರೆದರೆ ೨೩೦. ಆದರೆ ಒಮಾನಿನಲ್ಲಿ ಇಟ್ಟಿಗೆ ಎಲ್ಲಿದೆ? ಇಲ್ಲಿ ಸಿಮೆಂಟ್ ಬ್ಲಾಕು, ಅದು ಎಂಟಿಂಚು, ೨೦೦. ಒಂದೊಂದು ಗೋಡೆಗೆ ಮೂವತ್ತು ಮಿಲಿಮೀಟರ್ ನಾನು ಹೆಚ್ಚು ಲೆಕ್ಕ ಹಿಡಿದಿದ್ದೆ. ಒಂಬತ್ತು ಗೋಡೆಗೆ ಸೇರಿ ಒಂದು ಗೇಣಿಗಿಂತ ಹೆಚ್ಚು. ಮೇಸ್ತ್ರಿ ನನ್ನ ಕೋಣೆಗಳನ್ನು ಚಾಚೂ ತಪ್ಪದೆ ಕಟ್ಟಿದ್ದರು. ಬೀಮಿನ ಕೆಳಗೆ ಬರದೇ ಉಳಿದದ್ದು ಅವರ ಗೋಡೆಯಲ್ಲ, ನಾನು ಬರೆದ ಮೈಸೂರಿನ ಗೋಡೆ.

ಆ ಕ್ಷಣ ಎದ್ದು ಹೋಗಿ ಹೇಳಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ನನ್ನ ಕಣ್ಣಿಗೆ ಬಂದದ್ದು ಬಿಳಿ ಕವರ್, ಮಗಳ ಶಾಲೆ, ಬಟ್ಟೆ ಹೊದಿಸಿದ ನನ್ನ ಮೇಜು. ಡ್ರಾಯರಿನಿಂದ ಬ್ಲೇಡು ತೆಗೆದೆ. ಟ್ರೇಸಿಂಗ್ ಶೀಟಿನ ಮೇಲಿನ ಇಂಕನ್ನು ರಬ್ಬರಿನಿಂದ ಅಳಿಸಲು ಬರುವುದಿಲ್ಲ, ಬ್ಲೇಡಿನಿಂದ ಕೆರೆಯಬೇಕು. ಕೆರೆದೆ. ಒಂಬತ್ತು ಕಡೆ ೨೩೦ ಹೋಗಿ ೨೦೦ ಬಂತು. ಉಳಿಕೆಯನ್ನು ಎಂಟು ಕೋಣೆಗೆ ಹಂಚಿ ಆ ಅಂಕಿಗಳನ್ನೂ ತಿದ್ದಿದೆ. ಈಗ ನೋಡಿದರೆ ಎಂಟೂ ಕೋಣೆ ಮೇಸ್ತ್ರಿಯ ತಪ್ಪು. ಸೈಟಿನಲ್ಲಿದ್ದ ಹಳೇ ಪ್ರಿಂಟುಗಳನ್ನೆಲ್ಲ ತರಿಸಿ ಹರಿದು ಹಾಕಿ, ಪ್ರಿಂಟ್ ಯಂತ್ರದ ಅಮೋನಿಯಾ ನಾತದಲ್ಲಿ ಕಣ್ಣೀರಿಡುತ್ತಾ ಹೊಸ ಪ್ರಿಂಟು ತೆಗೆದೆ. ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ ಕೂಡ ಇಷ್ಟು ನಾಜೂಕಾಗಿ ಒರೆಸಿರಲಾರದು.

ಮೂರನೆಯ ದಿನ ಮೇಸ್ತ್ರಿ ಆಫೀಸಿಗೆ ಬಂದರು. ಬಲಗೈಗೆ ಬ್ಯಾಂಡೇಜು. ಗೋಡೆ ಹಾಳು ಮಾಡಿದ್ದಕ್ಕೆ ಕಂಪನಿ ಅವರನ್ನು ಊರಿಗೆ ಕಳಿಸುತ್ತಿತ್ತು, ಗುರುವಾರ ವಿಮಾನ. ನನ್ನ ಕಡೆ ನೋಡದೆ ಅವರು ಚೀಫ್ ಮುಂದೆ ನಿಂತು, ಎಡಗೈಯಿಂದ ಊಟದ ಡಬ್ಬಿಯ ಬಟ್ಟೆ ಬಿಚ್ಚಿದರು. ಒಳಗೆ ಮಡಿಸಿಟ್ಟ ಒಂದು ಪ್ರಿಂಟು. ಸಾರಿನ ಕಲೆಯಾಗಿತ್ತು. ಅದರಲ್ಲಿ ೨೩೦ ಹಾಗೇ ಇತ್ತು.

"ಬೇರೆಂತದೂ ಬೇಡ ಸರ್," ಅಂದರು. "ನಕ್ಷೆ ಪ್ರಕಾರವೇ ಕಟ್ಟಿದ್ದು ಅಂತ ಒಂದು ಪತ್ರ ಕೊಡಿ. ಅದು ತೋರಿಸಿದ್ರೆ ನನ್ನನ್ನು ಕಳಿಸುವುದಿಲ್ಲ ಅಂತ ಹೇಳಿದ್ದಾರೆ. ಕೈ ಸರಿಯಾದ ಮೇಲೆ ಅದೇ ಗೋಡೆ ನಾನೇ ಕಟ್ಟಿ ಕೊಡ್ತೇನೆ."

ಚೀಫ್ ಪ್ರಿಂಟು ನೋಡಿದರು. ಮೂಲ ಟ್ರೇಸಿಂಗ್ ತರಲು ಹೇಳಿದರು. ತಂದುಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಕೆರೆದ ಜಾಗವೆಲ್ಲ ಕಾಗದ ತೆಳುವಾಗಿ, ಸಾಲಾಗಿ ಬೆಳ್ಳಗೆ ಹೊಳೆಯಿತು. ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ಮೇಸ್ತ್ರಿಗೆ, ಪತ್ರ ತಲುಪಿಸುತ್ತೇವೆ ಎಂದು ಹೇಳಿ ಕಳಿಸಿ, ಬಾಗಿಲು ಹಾಕಿ ಬಂದು ನನ್ನ ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿ ಮೇಜಿನ ಕೆಳಗೆ ಹೋಯಿತು. ನಾನು ಮೊಣಕಾಲೂರಿ ಹುಡುಕುತ್ತಿದ್ದಾಗಲೇ ಅವರು ಅಮೆರಿಕದವನ ಕಥೆಯ ಕೊನೆಯನ್ನು ಹೇಳಿದ್ದು.

"ಲೈಬ್ರರಿ ಸೀಲಿಂಗು ಹೇಳ್ತಿದ್ದೆನಲ್ಲ. ಗಾರೆಯವನು ಅಡ್ಡ ಕೈ ಹಿಡಿದ. ಈತ ಅವನ ಮಣಿಕಟ್ಟು ಮುರಿದ. ಸಂಜೆ ನಕ್ಷೆ ನೋಡಿದ್ರೆ ತಪ್ಪು ಇವನದೇ. ಪಟ್ಟಿ ತಲೆಕೆಳಗು ಬರೆದಿದ್ದ. ನಕ್ಷೆ ಒಲೆಗೆ ಹಾಕಿದ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ. ಆ ಸೀಮೆ ಗಾರೆಯವರಿಗೆಲ್ಲ ಗೊತ್ತಾಯ್ತು. ಆಮೇಲೆ ಅವನ ಕಟ್ಟಡಕ್ಕೆ ಒಬ್ಬನೂ ಸಾರ್ವೆ ಹತ್ತಲಿಲ್ಲ ಕಣಯ್ಯಾ. ಗೋಧಿ ಬೆಲೆ ಬಿದ್ದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಅಷ್ಟೊತ್ತಿಗೆ ಅವನು ಮುಗಿದಿದ್ದ. ಸಾಯೋ ವಾರ ನನಗೆ ಹೇಳಿ ಅತ್ತ."

"ನಮಗೆ ಯಾಕೆ ಸರ್ ಹೇಳಲಿಲ್ಲ?"

"ಒಡೆಯೋ ಕಥೆ ಹೇಳೋಕೆ ಚೆನ್ನಾಗಿರ್ತದೆ. ಇದು ಚೆನ್ನಾಗಿಲ್ಲ." ಅವರು ಕೂತು ತಾವೇ ಟೈಪ್ ಮಾಡಿದರು. ಗೋಡೆ ನಕ್ಷೆಯ ಪ್ರಕಾರವೇ ಇತ್ತು, ತಪ್ಪು ನಕ್ಷೆಯದು ಎಂದು ನಾಲ್ಕು ಸಾಲು. ಕೆಳಗೆ ಎರಡು ಸಹಿಯ ಜಾಗ, ಪರಿಶೀಲಿಸಿದವರು, ಬರೆದವರು. "ನೋಡಿ ಸಹಿ ಹಾಕಿದವನು ನಾನು. ನನ್ನ ಕಣ್ಣಿಗೂ ಗೋಡೆ ಅಂದ್ರೆ ಒಂಬತ್ತಿಂಚೇ," ಎಂದು ಮೊದಲ ಜಾಗದಲ್ಲಿ ಸಹಿ ಮಾಡಿದರು. "ಬರೆದವನ ಸಹಿ ಇಲ್ಲದೆ ಇದಕ್ಕೆ ಬೆಲೆ ಇಲ್ಲ. ಹಾಕಿದ್ರೆ ನಮ್ಮಿಬ್ಬರಿಗೂ ಟಿಕೆಟ್ಟು. ನಿನ್ನ ಕೈ ಹಿಡಿದು ಸಹಿ ಹಾಕಿಸಲಾರೆ. ಗುರುವಾರದ ಒಳಗೆ." ಪತ್ರವನ್ನೂ ಕೋಲನ್ನೂ ನನ್ನ ಮೇಜಿನ ಮೇಲಿಟ್ಟು, "ಇದನ್ನ ನಾನಿನ್ನು ಹೊರಲಾರೆ," ಅಂದರು.

ಎರಡು ದಿನ ಪತ್ರ ಷರ್ಟಿನ ಜೇಬಿನಲ್ಲಿತ್ತು. ಬುಧವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ, ಮೂರನೆಯ ಗಲ್ಲಿಗೆ ಹೋದೆ. ಯಾಕೆ ಹೋದೆ ಎಂದು ಈಗ ಗೊತ್ತು. ಅವರು ಬಾಯಿಬಿಟ್ಟು ಕ್ಷಮಿಸಿಬಿಟ್ಟರೆ ಸಹಿ ಹಾಕುವುದು ತಪ್ಪುತ್ತದೆ ಎಂಬ ಆಸೆ.

ಮೇಸ್ತ್ರಿ ಒಂದೇ ಕೈಯಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. "ತಪ್ಪು ನನ್ನದು ಮೇಸ್ತ್ರಿಗಳೇ," ಅಂದೆ.

"ಗೊತ್ತುಂಟು ಸರ್. ಗೋಡೆ ಮುಗಿಯುವಾಗಲೇ ಗೊತ್ತಾಯ್ತು. ಊರಿನವರೆಲ್ಲ ಒಂಬತ್ತಿಂಚು ಬರೀತಾರೆ, ಅಭ್ಯಾಸ."

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

"ಅಷ್ಟು ಜನರ ಎದುರು ಹೇಗೆ ಹೇಳುವುದು? ನಿಮ್ಮ ಮರ್ಯಾದೆ ಹೋಗ್ತದಲ್ವಾ? ಅದಕ್ಕೇ ಕೂತು ಅಳೆಯುವ ಅಂದದ್ದು." ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. "ಹೊಡೆದದ್ದಕ್ಕೆ ನನಗೆ ಬೇಜಾರಿಲ್ಲ ಮಾರಾಯ್ರೆ. ಸಿಟ್ಟು, ಬರ್ತದೆ ಹೋಗ್ತದೆ. ಕೆರೆದಿರಲ್ಲ, ಅದಕ್ಕೆ ಬೇಜಾರುಂಟು. ಬ್ಲೇಡು ಹಿಡಿಯುವಾಗ ನಿಮಗೆ ಸಿಟ್ಟು ಇರಲಿಲ್ಲ." ಗಂಟು ಬಿಗಿದು ಕೇಳಿದರು, "ಪತ್ರ ಆಯ್ತಾ?"

ಜೇಬಿನಲ್ಲಿ ಅದು ಎದೆಗೆ ಚುಚ್ಚುತ್ತಿತ್ತು. "ಚೀಫ್ ಇನ್ನೂ ಸಹಿ ಹಾಕಿಲ್ಲ," ಅಂದೆ.

ಅವರು ನನ್ನ ಜೇಬನ್ನು ನೋಡಿದರೋ ಮುಖವನ್ನು ನೋಡಿದರೋ ತಿಳಿಯಲಿಲ್ಲ. "ಆಯ್ತು ಬಿಡಿ," ಅಂದರು. "ಅಕ್ಕನಿಗೆ ಹೇಳಿ. ಕಟ್ಟೆಯ ಗೂಡಿನ ಹತ್ತಿರ ಬಿರುಕು ಬಿಟ್ಟರೆ ಸ್ವಲ್ಪ ಸಿಮೆಂಟು ನೀರು ಹಚ್ಚಿದ್ರೆ ಸಾಕು."

ಗುರುವಾರದ ವಿಮಾನ ನಮ್ಮ ಆಫೀಸಿನ ಮೇಲೇ ಹೋಯಿತು. ಸದ್ದು ನಿಲ್ಲುವವರೆಗೆ ಗೆರೆ ಎಳೆಯುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಹೆಂಡತಿ ಷರ್ಟು ಒಗೆಯಲು ತೆಗೆದು, ಪತ್ರ ಓದಿ, ಬಾಲ್ಕನಿಗೆ ಬಂದಳು. ನಾನು ಕಾಫಿ ಕುಡಿಯುತ್ತಿದ್ದೆ. ಮತ್ತೆ ಒಳಗೆ ಹೋಗಿ, ನಾನು ಬಾಗಿಲ ಹಿಂದೆ ಬಚ್ಚಿಟ್ಟಿದ್ದ ಕೋಲನ್ನು ತಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅದು ನಿಜಕ್ಕೂ ಮನೆಗೆ ಬಂದಿತ್ತು.

"ಒಡೀರಿ," ಎಂದು ತುಳಸಿ ಕಟ್ಟೆ ತೋರಿಸಿದಳು. "ಇದೂ ಅವರು ಕಟ್ಟಿದ್ದೇ. ಅಳತೆ ತಪ್ಪಿರಬೇಕು, ಒಡೀರಿ."

"ಬಾಯ್ಮುಚ್ಚು," ಅಂದೆ.

"ಅವರಿಗೆ ಸುಳ್ಳು ಹೇಳಿ ಬಂದ್ರಾ? ಜೇಬಲ್ಲಿ ಇಟ್ಕೊಂಡೇ ಹೇಳಿ ಬಂದ್ರಾ?"

ಕೋಲು ಕಿತ್ತುಕೊಂಡೆ. ಅವಳ ಮೇಲೆ ಎತ್ತಿದೆ. ಅವಳು ಕದಲಲಿಲ್ಲ, ಕೈಯನ್ನೂ ಅಡ್ಡ ಹಿಡಿಯಲಿಲ್ಲ. ತಿರುಗಿ ಕಟ್ಟೆಗೆ ಬಾರಿಸಿದೆ. ಒಂದು, ಎರಡು, ಮೂರು. ಎಲೆಗಳು ಚದುರಿದವು, ದೀಪದ ಹಣತೆ ಒಡೆದು ಎಣ್ಣೆ ಚೆಲ್ಲಿತು. ಮಗಳು ಬಾಗಿಲಲ್ಲಿ ನಿಂತು, "ಸ್ಟಾಪ್ ಇಟ್ ಅಪ್ಪಾ, ಸ್ಟಾಪ್ ಇಟ್," ಎಂದು ಕಿರುಚುತ್ತಿದ್ದಳು. ನಾಲ್ಕನೆಯ ಏಟಿಗೆ ಗುಬುಟು ಕಿತ್ತು ಗಲ್ಲಿಗೆ ಹಾರಿತು, ಕೋಲು ನಡುವೆ ಸೀಳಿತು. ನನ್ನ ಅಂಗೈಯಲ್ಲಿ ಸಿಬಿರು ಹೊಕ್ಕು ರಕ್ತ ಬಂತು. ಕಟ್ಟೆಯ ಗಾರೆ ಎರಡು ಕಡೆ ಕೆತ್ತಿಹೋಗಿತ್ತು, ಅಷ್ಟೇ. ಒಳಗಿನ ಬ್ಲಾಕು ಕಾಣಿಸಿತು. ಎಂಟಿಂಚು. ಅಳತೆ ನನ್ನ ಮನೆಯಲ್ಲೇ ಇತ್ತು.

ಮುಂದಿನ ತಿಂಗಳು ಚೀಫ್‌ಗೆ ಬಿಳಿ ಕವರ್ ಸಿಕ್ಕಿತು. ಹೋಗುವಾಗ ನನ್ನ ಮೇಜಿನ ಹತ್ತಿರ ಬರಲಿಲ್ಲ. ಅವರ ಕುರ್ಚಿ ನನಗೆ ಬಂತು, ಇನ್ನೂ ಒಂಬತ್ತು ವರ್ಷ ಅಲ್ಲೇ ಕೂತೆ. ಅಲ್ ಖೌದ್‌ನ ಕಟ್ಟಡವನ್ನು ಬೇರೆ ಯಾರೋ ಕಟ್ಟಿ ಮುಗಿಸಿದರು. ಅದರ ಮುಂದೆ ಹಾದುಹೋಗುವಾಗಲೆಲ್ಲ ನಾನು ರಸ್ತೆಯ ಇನ್ನೊಂದು ಕಡೆ ನೋಡುತ್ತಿದ್ದೆ. ಮೇಸ್ತ್ರಿಯ ಬೆರಳು ಮತ್ತೆ ಮಡಚಲಿಲ್ಲ, ಕರಣೆ ಹಿಡಿಯಲಾಗದೆ ಕೆಲಸ ಬಿಟ್ಟರು ಎಂದು ಆ ಗಲ್ಲಿಯವರು ಹೇಳಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಮೂಗು ಅವರದು, ಸಿಟ್ಟು ನನ್ನದು.

ಪತ್ರ ಹೆಂಡತಿಯ ಹತ್ತಿರ ಇದೆ. ಈಗ ನಾವು ಮೈಸೂರಿನಲ್ಲಿದ್ದೇವೆ, ಒಂಬತ್ತಿಂಚಿನ ಗೋಡೆಗಳ ನಡುವೆ. ವರ್ಷಕ್ಕೊಮ್ಮೆ ಬೀರು ಚೊಕ್ಕಟ ಮಾಡುವಾಗ ಅವಳು ಅದನ್ನು ತೆಗೆದು ಊಟದ ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಒಂದು ಪೆನ್ನು ಇಡುತ್ತಾಳೆ. ಈಗ ಹಾಕಿ ಏನು ಪ್ರಯೋಜನ ಎನ್ನುತ್ತೇನೆ. "ಪ್ರಯೋಜನಕ್ಕಲ್ಲ," ಎನ್ನುತ್ತಾಳೆ. ಚೀಫ್ ಸಹಿ ಮಾಸಿ ಕಂದುಬಣ್ಣಕ್ಕೆ ತಿರುಗಿದೆ. ನಾನು ಮೇಜಿನ ಸುತ್ತ ಓಡಾಡುತ್ತೇನೆ, ಪೆನ್ನು ಎತ್ತುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ಸಂಜೆ ಅವಳು ಪತ್ರ ಮಡಿಸಿ ಸೀರೆಗಳ ಕೆಳಗೆ ಇಟ್ಟು ಬೀರು ಮುಚ್ಚುತ್ತಾಳೆ.